ಆಟಿಯಲ್ಲಿ ಕ್ಯಾಮೆರಾ ಶಿಬಿರ ಮಾಡುದು ಅಂತ ಉಂಟು, ಎರಡು ದಿವಸದಲ್ಲಿ ಎಂತೆಲ್ಲ ಹಾಕ್ಬಹುದು?

ಅಡ್ಕದಗಾಳಿ | ಜುಲೈ 3, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ. ವಾಚನಾಲಯದ ಹುಡುಗರು ನಾವು ಏಳೆಂಟು ಜನ ಸೇರಿ ಆಗಸ್ಟ್ ಮೊದಲ ವಾರ, ಆಟಿ ತಿಂಗಳಲ್ಲೇ, ಎರಡು ದಿವಸದ ನೇಚರ್ ಫೋಟೋಗ್ರಫಿ ಶಿಬಿರ ಮಾಡುದು ಅಂತ ಮಾತಾಡಿ ಆಗಿದೆ, ಪರಿಸರ ಉಳಿಸುವ ವಿಷಯ ಇಟ್ಟುಕೊಂಡು. 20 ಜನ ಸಾಕು, ಅರ್ಧ ಹೈಸ್ಕೂಲ್ ಮಕ್ಕಳು. ಕ್ಯಾಮೆರಾ ಇದ್ದವರು ಐದಾರು ಮಂದಿ ಇರಬಹುದು, ಬಾಕಿಯವರದ್ದು ಮೊಬೈಲೇ.

ಈಗ ಹಾಕಿದ ಪ್ಲಾನ್ ಹೀಗುಂಟು. ಮೊದಲ ದಿವಸ ಬೆಳಿಗ್ಗೆ ಕ್ಯಾಮೆರಾ ಪಾಠ, ಮಧ್ಯಾಹ್ನ ಅಡ್ಕಕ್ಕೆ, ಅಂದ್ರೆ ಮುರಕಲ್ಲಿನ ಬಯಲಿಗೆ ಹೋಗಿ ಹೂ, ಕಪ್ಪೆ, ಏರೋಪ್ಲೇನ್ ಚಿಟ್ಟೆ. ಎರಡನೇ ದಿವಸದ್ದು ದೊಡ್ಡ ಐಟಂ, ನಮ್ಮ ಮಾವನ ತೋಟದ ಬರೆಯಲ್ಲಿ (ಕಡಿದ ಮಣ್ಣಿನ ಗೋಡೆ) ಕುಳ್ಳ ಮಿಂಚುಳ್ಳಿ ಗೂಡು ಮಾಡಿದೆ, ಅದೇ ನೀಲಿ ನೇರಳೆ ಕೇಸರಿ ಬಣ್ಣದ್ದು, ನೋಡಿದವರಿಗೆ ಗೊತ್ತು. ನಾಲ್ಕು ನಾಲ್ಕು ಜನರ ಬ್ಯಾಚ್ ಮಾಡಿ ಗೂಡಿನ ಎದುರು ಕೂರಿಸುದು ಅಂತ. ಪೋಸ್ಟರಿನಲ್ಲಿ ಅದನ್ನೇ ಹಾಕಿದ್ರೆ ಜನ ಬರ್ತಾರೆ. ಬೇರೆ ಎಂತ ಸೇರಿಸ್ಬಹುದು ಹೇಳಿ.

ಮಿಂಚುಳ್ಳಿ600 | ಜುಲೈ 3, ರಾತ್ರಿ 10:15

ಸೂಪರ್! ನಾನು ಮಂಜೇಶ್ವರದಿಂದ ಬರ್ತೇನೆ, 150-600 ಲೆನ್ಸ್ ಉಂಟು ನನ್ನಲ್ಲಿ. ತೋಟದ ಒಳಗೆ ಮಳೆಗಾಲದಲ್ಲಿ ಬೆಳಕು ಭಾರೀ ಕಡಿಮೆ, ಐಎಸ್‌ಒ 3200ಕ್ಕಿಂತ ಕೆಳಗೆ ಇಳಿಯುದೇ ಕಷ್ಟ, ಆದ್ದರಿಂದ ಟ್ರೈಪಾಡ್ ಕಂಪಲ್ಸರಿ ಮಾಡಿ. ಗೂಡಿನ ಬಾಯಿಯ ಎದುರು ಒಂದು ಒಣ ಗೆಲ್ಲು ಕುತ್ತಿ ಇಡಿ, ಹಕ್ಕಿ ತಿಂಡಿ ತರುವಾಗ ಮೊದಲು ಅದರ ಮೇಲೆ ಕೂತು ಮತ್ತೆ ಒಳಗೆ ಹೋಗ್ತದೆ, ಬ್ಯಾಕ್‌ಗ್ರೌಂಡ್ ಕ್ಲೀನ್ ಸಿಗ್ತದೆ.

ಹಾಳೆಟೊಪ್ಪಿ | ಜುಲೈ 4, ಬೆಳಿಗ್ಗೆ 6:05

ಗಾಳಿ ತಮ್ಮಾ, ಶಿಬಿರ ಮಾಡುದು ಒಳ್ಳೇದು. ಗೂಡಿನ ಐಟಂ ತೆಗಿ. ಕಾರಣ ಸಂಜೆ ಬರೆಯುತ್ತೇನೆ, ಈಗ ತೋಟಕ್ಕೆ ಮದ್ದು ಬಿಡುವವರು ಬಂದಿದ್ದಾರೆ, ಮಳೆ ಬಿಟ್ಟ ಎರಡು ಗಂಟೆಯೊಳಗೆ ಮುಗಿಸ್ಬೇಕು.

ಚಂದ್ರಗಿರಿತೀರ | ಜುಲೈ 4, ಬೆಳಿಗ್ಗೆ 11:30

ಕಾರಣ ನಾನೇ ಹೇಳ್ತೇನೆ, ಯಾಕೆಂದ್ರೆ ಆ ತಪ್ಪು ನಾನೇ ಮಾಡಿದ್ದು. ನಾಲ್ಕು ವರ್ಷದ ಹಿಂದೆ ನಮ್ಮ ಬೋವಿಕ್ಕಾನ ಕಡೆ ಒಬ್ಬರ ತೋಟದಲ್ಲಿ ಇದೇ ಹಕ್ಕಿ. ನಾವು ಮೂರು ಜನ ಹೋದದ್ದು. ಗೂಡಿನ ಎದುರು ಜರಿಗಿಡ ಒಂದು ಜೋತು ಬಿದ್ದಿತ್ತು, ಫ್ರೇಮಿಗೆ ಅಡ್ಡ ಬರ್ತದೆ ಅಂತ ನಾನೇ ಕತ್ತಿಯಲ್ಲಿ ಕೊಯ್ದದ್ದು. ಮೇಲಿನವರು ಹೇಳಿದ ಹಾಗೆ ಗೆಲ್ಲು ಕೂಡ ಕುತ್ತಿ ಇಟ್ಟೆವು. ಪಟ ಬಂತು, ಬಾಯಿಯಲ್ಲಿ ಅರಣೆ ಹಿಡಿದುಕೊಂಡು ಕೂತದ್ದು, ನನ್ನ ಜೀವನದಲ್ಲಿ ಅಷ್ಟು ಲೈಕ್ ಬೇರೆ ಯಾವುದಕ್ಕೂ ಬಿದ್ದಿಲ್ಲ. ಮೂರನೇ ದಿವಸ ತೋಟದವರು ಫೋನ್ ಮಾಡಿದ್ರು, ಗೂಡಿನ ಬಾಯಿ ಯಾವುದೋ ಕೆರೆದು ಅಗಲ ಮಾಡಿದೆ, ಹಕ್ಕಿ ಕಾಣುದಿಲ್ಲ ಅಂತ. ಕೇರೆ ಹಾವೋ ಉಡವೋ ಮುಂಗುಸಿಯೋ ಗೊತ್ತಿಲ್ಲ. ಜರಿ ಇದ್ದಿದ್ರೆ ಆ ತೂತ ಹೊರಗೆ ಕಾಣ್ತಲೇ ಇರ್ಲಿಲ್ಲ, ಅಷ್ಟು ಮಾತ್ರ ನಂಗೆ ಗೊತ್ತು.

ಲೆಕ್ಕ ಹಾಕಿ ನೋಡಿ. 20 ಗ್ರಾಮ್ ಆಸುಪಾಸಿನ ಹಕ್ಕಿ. ಗಂಡು ಹೆಣ್ಣು ಎರಡೂ ಕೊಕ್ಕಿನಲ್ಲೇ ಮಣ್ಣು ಕುಟ್ಟಿ ತೂತ ತೆಗಿಯುದು. ಸುಮಾರು 17-18 ದಿವಸ ಕಾವು, ಮರಿ ಹಾರ್ಲಿಕ್ಕೆ ಮತ್ತೆ 20 ದಿವಸ, ಅಷ್ಟೂ ದಿವಸ ಸುರಿವ ಮಳೆಯಲ್ಲಿ ಏಡಿ, ಕಪ್ಪೆ, ಜೇಡ ಹುಡುಕಿ ತರ್ಬೇಕು. ನಾಲ್ಕು ನಾಲ್ಕು ಜನರ ಬ್ಯಾಚು ಅಂದ್ರೆ ನಿಮ್ಮ 20 ಜನಕ್ಕೆ ಐದು ಬ್ಯಾಚು, ಒಂದಕ್ಕೆ ಅರ್ಧ ಗಂಟೆ ಹಿಡಿದ್ರೂ ಎರಡೂವರೆ ಗಂಟೆ ಹಕ್ಕಿ ಗೂಡಿಗೆ ಹೋಗದೆ ಗೆಲ್ಲಿನಿಂದ ಗೆಲ್ಲಿಗೆ ಹಾರ್ತಾ ಕೂರ್ಬೇಕು.

ಕಾನೂನು ಕೂಡ ನೋಡಿ ಇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅನ್ನುವ ಪದಕ್ಕೆ ಅರ್ಥ ಹೇಳುವಲ್ಲಿ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುದು ಕೂಡ ಸೇರಿದೆ. ಕೋವಿ ಹಿಡಿದವ ಮಾತ್ರ ಬೇಟೆಗಾರ ಅಂತ ನಾವು ಎಣಿಸುದು.

ಮಿಂಚುಳ್ಳಿ600 | ಜುಲೈ 4, ಮಧ್ಯಾಹ್ನ 1:10

ಅಯ್ಯೋ ನೀವೆಲ್ಲ ಮಂಡೆಬೆಚ್ಚ ಮಾಡ್ತೀರಿ ಮಾರಾಯ್ರೇ. ಪಟ ತೆಗೆಯದೆ ಜನರಿಗೆ ಹಕ್ಕಿಯ ಮೇಲೆ ಪ್ರೀತಿ ಬರುದು ಹೇಗೆ? ಕೊಂಕಣದಲ್ಲಿ ಈ ಹಕ್ಕಿಗೋಸ್ಕರವೇ ಮಳೆಗಾಲದಲ್ಲಿ ರೂಮು ಬುಕ್ ಮಾಡಿ ಜನ ಬರ್ತಾರೆ, ಅಲ್ಲಿ ಹಕ್ಕಿ ಏನು ಮುಗಿದು ಹೋಗಿದೆಯಾ?

ಎರಿಭೂಮಿ | ಜುಲೈ 4, ಮಧ್ಯಾಹ್ನ 3:25

ಅಣ್ಣಾ, ನಾ ಅಕ್ಕಲಕೋಟಿಯಾಂವ. ನಮ್ಮ ಸೊಲ್ಲಾಪುರ ಕಡೆ ನಾನ್ನಜ ಅಂತ ಐತಿ, ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಸಲುವಾಗಿ 1979ರಾಗ ಅಭಯಾರಣ್ಯ ಮಾಡಿದ್ದು. ನಮ್ಮಜ್ಜ ಹೊಲದಾಗ ನೋಡ್ಯಾನಂತ, ನಾ ನೋಡಿಲ್ಲ. ಹಕ್ಕಿ ಹೋಗಿದ್ದು ಫೋಟೋದವ್ರಿಂದ ಅಲ್ಲ ಬಿಡ್ರಿ, ಹುಲ್ಲುಗಾವಲ ಹೊಲ ಆತು, ತಂತಿ ಎಳದ್ರು, ಎಲ್ಲಾ ಕೂಡಿ ಆತು. ಆದ್ರ ಈಗ ಉಳದಿರೂ ತ್ವಾಳದ ಬೆನ್ನ ಹತ್ತೂದು ಮಾತ್ರ ಕ್ಯಾಮೆರಾದವ್ರ. ರವಿವಾರ ಮುಂಜಾನೆ ಪುಣೆ ಕಡೆಯಿಂದ ದೊಡ್ಡ ಗಾಡಿ ಬರ್ತಾವ, ದಾರಿ ಬಿಟ್ಟು ಹುಲ್ಲಾಗ ಇಳೀತಾವ, ಒಂದ ತ್ವಾಳಕ್ಕ ನಾಕ ಗಾಡಿ. ಮರಿ ಇರೂ ಗವಿ ಗೊತ್ತಾದ್ರಂತೂ ಮುಗೀತು, ತಾಯಿ ರಾತೋರಾತ್ರಿ ಮರಿ ಕಚ್ಚಿಕೊಂಡು ಜಾಗಾ ಬದಲಿ ಮಾಡ್ತದ. ಪ್ರೀತಿ ಬರ್ತದ ಅಂತೀರಿ, ಪ್ರೀತಿ ಬಂದವ್ರ ಗಾಡಿ ಗಾಲಿ ಗುರ್ತು ಹುಲ್ಲಾಗ ಎರಡು ಮಳಿಗಾಲ ಉಳೀತದ ನೋಡ್ರಿ.

ತಾಳವಾಡಿಹುಡ್ಗ | ಜುಲೈ 4, ಸಂಜೆ 5:00

ನಮ್ಮಲ್ಲೂ ಇದೇ ಕತೆ ಕಣಣ್ಣ. ಸತ್ಯಮಂಗಲ ಕಾಡಿನ ಆಸನೂರು ಕಾರಾಪಳ್ಳಂ ಚೆಕ್‌ಪೋಸ್ಟ್ ತಾವ ಕಬ್ಬಿನ ಲಾರಿ ಬತ್ತವೆ, ಕಬ್ಬು ಬಿದ್ರೆ ಆನೆಗಳೂ ಬತ್ತವೆ, ಆನೆ ಬಂದ್ರೆ ಕಾರ್ ನಿಲ್ಲಿಸ್ಕೊಂಡು ಮೊಬೈಲ್ ಹಿಡ್ಕೊಂಡು ಜನ ನಿಂತ್ಕತಾರೆ. ಆಮೇಲೆ ಆನೆ ಅಟ್ಟಿಸ್ಕೊಂಡು ಬಂತು ಅಂತ ವೀಡಿಯೋ. ದಿಂಬಂ ಘಾಟಲ್ಲಿ 2022ರಿಂದ ರಾತ್ರಿ ಗಾಡಿ ಬಿಡಲ್ಲ, ಕೋರ್ಟ್ ಆರ್ಡರು. ನಮ್ ಊರೋರು ಸುಮಾರು ಜನಕ್ಕೆ ಅದು ಕಷ್ಟನೇ, ತರಕಾರಿ ಲಾರಿ ಹೋಗ್ಬೇಕಲ್ಲ. ರೋಡಲ್ಲಿ ಸತ್ತು ಬಿದ್ದಿದ್ದ ಪ್ರಾಣಿಗಳನ್ನ ಯಾರಾದ್ರೂ ತಾರೀಕು ಹಾಕಿ ಫೋಟೋ ಇಟ್ಟಿದ್ರೆ ನಮ್ಮೋರಿಗೂ ಯಾಕೆ ಅಂತ ಅರ್ಥ ಆಗದು ಅನ್ಸುತ್ತೆ ನಂಗೆ. ಎಲ್ಲರ ಹತ್ರ ಇರೋದು ಆನೆ ಸೊಂಡ್ಲೆತ್ತಿದ್ ಫೋಟೋ.

ಹಾಳೆಟೊಪ್ಪಿ | ಜುಲೈ 4, ರಾತ್ರಿ 8:50

ತಾಳವಾಡಿ ತಮ್ಮ ಹೇಳಿದ್ದು ಸರಿ ಜಾಗಕ್ಕೆ ಬಿತ್ತು. ನಾನು ಬೆಳಿಗ್ಗೆ ಹೇಳ್ಬೇಕು ಅಂತ ಇದ್ದದ್ದು ಅದೇ, ಸ್ವಲ್ಪ ಉದ್ದ ಆಗ್ತದೆ ಕ್ಷಮಿಸಿ.

ನನಗೆ ಈಗ 63. ನಮ್ಮ ಪಡ್ರೆ, ಸ್ವರ್ಗ ಕಡೆ 70ರ ದಶಕದ ಕೊನೆಯಿಂದ 2000ದ ವರೆಗೆ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು ಎಲ್ಲರಿಗೂ ಗೊತ್ತು. ಬಾವಿ ಮುಚ್ಚಿ ಅಂತ ಹೇಳಿ ಹೋಗ್ತಿದ್ರು. ಬಾವಿ ಮುಚ್ಬಹುದು, ನೀರಿಗೆ ಅಂತ ಗುಡ್ಡ ಕೊರೆದ ಸುರಂಗದಿಂದ ಹರಿದು ಬರುವ ನೀರನ್ನು ಎಂತದ್ರಲ್ಲಿ ಮುಚ್ಚುದು, ತೋಡನ್ನು ಹೇಗೆ ಮುಚ್ಚುದು? ಕರುಗಳು ಕಾಲು ಸೊಟ್ಟ ಆಗಿ ಹುಟ್ಟುದನ್ನು ನೋಡಿ ಪತ್ರಕರ್ತ ಶ್ರೀ ಪಡ್ರೆಯವರು ಮೊದಲೇ ಬರೆದ್ರು, ವಾಣಿನಗರದ ಡಾಕ್ಟರು ವೈ. ಎಸ್. ಮೋಹನ ಕುಮಾರ್ ಅವರು ತನ್ನಲ್ಲಿಗೆ ಬರುವ ರೋಗಿಗಳ ಲೆಕ್ಕ ಇಟ್ರು. ಬರೆದದ್ದನ್ನು ಓದಿದವರು ಕೆಲವರು. ಮತ್ತೆ ಮಲಯಾಳ ಪತ್ರಿಕೆ ಮಾತೃಭೂಮಿಯ ಫೋಟೋಗ್ರಾಫರ್ ಮಧುರಾಜ್ ಅವರು ಬಂದು ರೋಗ ಬಿದ್ದ ಮಕ್ಕಳ ಪಟ ತೆಗೆದ್ರು. ಆ ಪಟ ನೋಡಿದ ಮೇಲೆ ಇಲ್ಲ ಅಂತ ಹೇಳ್ಲಿಕ್ಕೆ ಯಾರಿಗೂ ಬಾಯಿ ಬರ್ಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೆ ನಿಲ್ಲಿಸಿತು.

ಆದ್ರೆ ಕೇಳಿ. ಮಕ್ಕಳ ಪಟ ಉಂಟು. ಜೇನು ಪೆಟ್ಟಿಗೆಯ ಎದುರು ಜೇನುಹುಳ ಸತ್ತು ಬಿದ್ದದ್ದನ್ನು ನಾನು ಕಣ್ಣಾರೆ ಕಂಡದ್ದು, ಅದರ ಪಟ ನನ್ನಲ್ಲಿ ಇಲ್ಲ. ತೋಡಿನಲ್ಲಿ ಮೀನು ಹೊಟ್ಟೆ ಮೇಲೆ ಮಾಡಿದ್ದು, ಅದೂ ಇಲ್ಲ. ಅದಕ್ಕಿಂತ ಮೊದಲು ಆಟಿಯ ರಾತ್ರಿ ಕಪ್ಪೆ ಕೂಗಿನಲ್ಲಿ ಮನೆಯೊಳಗೆ ಮಾತು ಕೇಳ್ತಿರ್ಲಿಲ್ಲ, ಹಾಗಿತ್ತು ಅಂತ ತೋರಿಸ್ಲಿಕ್ಕೆ ಎಂತ ಉಂಟು ನನ್ನಲ್ಲಿ? ನಮ್ಮ ಮನೆಯಲ್ಲಿ ಆಗ ಕ್ಯಾಮೆರಾ ಇತ್ತು ಮಾರಾಯ್ರೇ! ಮದುವೆಗೆ, ಉಪನಯನಕ್ಕೆ ತೆಗೆದ ರೋಲು ಕಪಾಟಿನಲ್ಲಿ ಈಗಲೂ ಉಂಟು. ತೋಡಿಗೆ ಒಂದು ರೋಲು ಖರ್ಚು ಮಾಡ್ಬೇಕು ಅಂತ ತೋಚಲಿಲ್ಲ. ಹಾಳಾದ ಮೇಲೆ ಎಲ್ಲರೂ ಪಟ ತೆಗಿತಾರೆ. ಸರಿ ಇರುವಾಗ ಹೇಗಿತ್ತು ಅಂತ ಕೇಳಿದ್ರೆ ನಾವು ಬಾಯಿಮಾತಿನಲ್ಲಿ ಹೇಳ್ಬೇಕಷ್ಟೆ, ಬಾಯಿಮಾತನ್ನು ಆಫೀಸಿನಲ್ಲಿ ಯಾರೂ ಬರೆದುಕೊಳ್ಳುದಿಲ್ಲ.

ನಿಮ್ಮ ಅಡ್ಕ ಈಗ ಸರಿ ಉಂಟಲ್ಲ ತಮ್ಮಾ. ಆ ಅಡ್ಕದ್ದೇ ಪಟ ತೆಗಿಸಿ.

ಟೀಚರಮ್ಮ | ಜುಲೈ 5, ಬೆಳಿಗ್ಗೆ 7:20

ಹಾಳೆಟೊಪ್ಪಿಯಣ್ಣ ಬರೆದದ್ದು ಓದಿ ಒಂದು ನೆನಪಾಯ್ತು. ನಮ್ಮ ಅನಂತಪುರ ದೇವಸ್ಥಾನದ ಕೆರೆಯ ಬಬಿಯ ಮೊಸಳೆ 2022ರ ಅಕ್ಟೋಬರಿನಲ್ಲಿ ಸತ್ತಾಗ ನಮ್ಮ ಶಾಲೆಯ ಎಲ್ಲ ಮಕ್ಕಳ ಮನೆಯ ಫೋನಿನಲ್ಲೂ ಅದರ ಪಟ ಇತ್ತು. ಸುತ್ತಿನ ಪಾರೆಯ (ಅಡ್ಕ ಅನ್ನುದು ಅದನ್ನೇ) ಪಟ ತನ್ನಿ ಅಂತ ಹೋಂವರ್ಕ್ ಕೊಟ್ಟೆ, 34 ಮಕ್ಕಳಲ್ಲಿ ಇಬ್ಬರು ತಂದ್ರು, ಅದರಲ್ಲೂ ಎದುರು ಅಕ್ಕ ಸೆಲ್ಫಿಗೆ ನಿಂತಿದ್ದಾಳೆ.

ಮಕ್ಕಳಿಗೆ ಪಾರೆ ಅಂದ್ರೆ ಬೋಳು ಜಾಗ, ಏನೂ ಇಲ್ಲದ್ದು. ಸರಕಾರಿ ಕಾಗದದಲ್ಲಿ ಕೂಡ ತರಿಶು, ಅಂದ್ರೆ ಪಾಳು ಜಾಗ ಅಂತಲೇ ಬರುದು. ಆದ್ರೆ ಜುಲೈ ಆಗಸ್ಟಿನಲ್ಲಿ ಮುರಕಲ್ಲಿನ ಮೇಲೆ ಒಂದಿಂಚು ನೀರು ನಿಂತಾಗ ಮೊಣಕಾಲೂರಿ ನೋಡ್ಬೇಕು. ನೀಲಿ ಹೂ, ಮಲಯಾಳದಲ್ಲಿ ಕಾಕ್ಕಪ್ಪೂ ಅಂತಾರೆ ಓಣಂ ಹೂವಿನ ರಂಗೋಲಿಗೆ ಹಾಕ್ತಾರಲ್ಲ, ಅದು ಕೀಟಾಹಾರಿ ಗಿಡ, ಬೇರಿನ ಹಾಗೆ ಕಾಣುವ ಎಳೆಗಳಲ್ಲಿರುವ ಸಣ್ಣ ಸಣ್ಣ ಚೀಲದಲ್ಲಿ ನೀರಿನ ಹುಳ ಹಿಡಿದು ತಿನ್ನುದು. ನಮ್ಮದೇ ಪೆರಿಯದ ತೋಡಿನಲ್ಲಿ ಸಿಕ್ಕಿದ ಕ್ರೈನಮ್ ಮಲಬಾರಿಕಂ ಅನ್ನುವ ಬಿಳಿ ಹೂವನ್ನು ಹೊಸ ಜಾತಿ ಅಂತ ವಿಜ್ಞಾನಿಗಳು ಪ್ರಕಟ ಮಾಡಿದ್ದು 2012ರಲ್ಲಿ. ಅಷ್ಟು ದೊಡ್ಡ ಹೂ, ಅಷ್ಟು ವರ್ಷ ನಮ್ಮ ಕಾಲ ಬುಡದಲ್ಲೇ ಇತ್ತು! 2023ರಲ್ಲಿ ನಮ್ಮ ಜಿಲ್ಲೆಯವರು ಅದನ್ನೇ ಜಿಲ್ಲೆಯ ಹೂ ಅಂತ ಮಾಡಿದ್ರು, ಮರ ಕಾಸರಕ, ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು, ಪ್ರಾಣಿ ಪಾಲಪ್ಪೂವನ್ ಆಮೆ.

ಚಂದ್ರಗಿರಿತೀರ | ಜುಲೈ 5, ಬೆಳಿಗ್ಗೆ 9:00

ಟೀಚರೇ ಆ ಆಮೆಯ ವಿಷಯ ಶಿಬಿರದಲ್ಲಿ ಹೇಳ್ಲೇಬೇಕು. ಮೆದು ಚಿಪ್ಪಿನ ದೊಡ್ಡ ಆಮೆ, ಹೆಚ್ಚಿನ ಹೊತ್ತು ಹೊಳೆಯ ಮರಳಿನಲ್ಲಿ ಹೂತು ಕೂರುದು, ಉಸಿರಿಗೆ ಮಾತ್ರ ಮೇಲೆ ಬರುದು. ನಮ್ಮ ಚಂದ್ರಗಿರಿಯಲ್ಲಿ ಅದು ಉಂಟು ಅಂತ ಸಂಶೋಧನೆ ಮಾಡುವವರಿಗೆ ಗೊತ್ತಾದದ್ದು ಗಾಳ ಹಾಕುವವರು, ಹೊಳೆಬದಿಯವರು ಹೇಳಿ. ಅವರೊಟ್ಟಿಗೆ ಕೆಲಸ ಮಾಡಿಯೇ ಅದು ಮೊಟ್ಟೆ ಇಡುವ ಜಾಗ ಸಿಕ್ಕಿದ್ದು, ನೀರು ನುಗ್ಗಿದ ಗೂಡಿನ ಮೊಟ್ಟೆ ತೆಗೆದು ಮರಿ ಮಾಡಿಸಿ ಹೊಳೆಗೆ ಬಿಟ್ಟದ್ದೂ ಉಂಟು. ಜಾಗ ಎಲ್ಲಿ ಅಂತ ಇಲ್ಲಿ ಯಾರೂ ಕೇಳ್ಬೇಡಿ, ಗೊತ್ತಿದ್ದವರು ಬರೀಬೇಡಿ.

ಅದೇ ಮಾತಿಗೆ ಇನ್ನೊಂದು. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ರೆ ಪಟದ ಒಳಗೇ ಜಾಗ ಬರೆದು ಕೂರ್ತದೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳ್ಸಿದ್ರೆ ಅದು ಅಳಿಸಿ ಹೋಗ್ತದೆ, ಡಾಕ್ಯುಮೆಂಟ್ ಅಂತ ಕಳ್ಸಿದ್ರೆ ಹಾಗೇ ಇರ್ತದೆ. ಗೂಡು, ಆಮೆ, ಅಪರೂಪದ ಆರ್ಕಿಡ್ ಆದ್ರೆ ಲೊಕೇಶನ್ ಆಫ್ ಮಾಡಿ. ಅಡ್ಕ, ತೋಡು, ಕಲ್ಲುಕೋರೆ ಆದ್ರೆ ಆನ್ ಇಟ್ಟು ಡಾಕ್ಯುಮೆಂಟ್ ಆಗಿಯೇ ಕಳ್ಸಿ, ತಾರೀಕು ಜಾಗ ಎರಡೂ ನಾಳೆ ಬೇಕಾಗ್ತದೆ.

ಅಡ್ಕದಗಾಳಿ | ಜುಲೈ 6, ರಾತ್ರಿ 10:30

ಎರಡು ದಿವಸ ಓದಿದೆ, ಉತ್ತರ ಬರೀಲಿಕ್ಕೆ ಧೈರ್ಯ ಬರ್ಲಿಲ್ಲ. ಮೊದಲು ಸ್ವಲ್ಪ ಕೋಪವೇ ಬಂದದ್ದು ಸತ್ಯ, ನಾವು ಒಳ್ಳೆಯದಕ್ಕೆ ಹೊರಟದ್ದಲ್ವಾ ಅಂತ. ಗೂಡು ಕ್ಯಾನ್ಸಲ್. ಪೋಸ್ಟರು ಬದಲಿಸಿದೆವು, ಈಗ ಅದರಲ್ಲಿ ಬರೀ ನೀರು ನಿಂತ ಮುರಕಲ್ಲು. ಅಮ್ಮ ನೋಡಿ ಇದೆಂತ ರಸ್ತೆ ರಿಪೇರಿ ಅರ್ಜಿಯಾ ಅಂತ ಕೇಳಿದ್ರು.

ಒಂದು ಡೌಟು. ಅಡ್ಕದ ಪಟ ಅಂದ್ರೆ ಹೇಗೆ ತೆಗಿಸುದು? ಎಲ್ಲರೂ ಅಲ್ಲಲ್ಲಿ ನಿಂತು ಕ್ಲಿಕ್ ಮಾಡಿದ್ರೆ ಐದು ವರ್ಷ ಬಿಟ್ಟು ಹೋಲಿಸ್ಲಿಕ್ಕೆ ಆಗ್ತದಾ?

ಚಂದ್ರಗಿರಿತೀರ | ಜುಲೈ 7, ಬೆಳಿಗ್ಗೆ 6:40

ಆಗುದಿಲ್ಲ. ಒಂದೇ ಜಾಗದಿಂದ ತೆಗಿಬೇಕು, ಒಂದೇ ದಿಕ್ಕಿಗೆ, ಒಂದೇ ಎತ್ತರದಿಂದ, ಝೂಮ್ ಮಾಡದೆ 1ಎಕ್ಸ್‌ನಲ್ಲೇ. ವರ್ಷಕ್ಕೆ ಮೂರು ಸರ್ತಿ ಸಾಕು, ಆಟಿಯಲ್ಲಿ, ನವೆಂಬರಿನಲ್ಲಿ, ಮಾರ್ಚಿನಲ್ಲಿ. ಮಾರ್ಚಿನ ಪಟ ಯಾಕೆ ಅಂದ್ರೆ ಹಳದಿ ಟಿಟ್ಟಿಭ ಬರೀ ಕಲ್ಲಿನ ಮೇಲೆ ಮೊಟ್ಟೆ ಇಡುದು ಆ ಬಿಸಿಲಿಗೇ, ಆಗ ಅಡ್ಕ ನಿಜಕ್ಕೂ ಸತ್ತ ಹಾಗೆ ಕಾಣ್ತದೆ, ಅದೇ ಪಟದ ಒಟ್ಟಿಗೆ ಆಟಿಯದ್ದು ಇಟ್ರೆ ನೋಡಿದವರಿಗೆ ತಿಳೀತದೆ. ನಿಲ್ಲುವ ಜಾಗಕ್ಕೆ ಒಂದು ಗುರ್ತು ಬೇಕು. ಪೇಂಟ್ ಬೇಡ ದಯವಿಟ್ಟು.

ಹಾಳೆಟೊಪ್ಪಿ | ಜುಲೈ 7, ಬೆಳಿಗ್ಗೆ 7:05

ನಿಮ್ಮ ಅಡ್ಕದ ಮೂಡು ಬದಿಯಲ್ಲಿ ಹಳೇ ಸರ್ವೆ ಕಲ್ಲು ಉಂಟು, ಅದರ ಹತ್ತಿರವೇ ನಿಲ್ಲಿ. ಮತ್ತೊಂದು ಉಪಾಯ, ಕಲ್ಲನ್ನು ಮಾತ್ರ ನಂಬ್ಬೇಡಿ. ಹತ್ತಿರದ್ದು ಒಂದು, ದೂರದ್ದು ಒಂದು, ಎರಡು ವಸ್ತು ಒಂದೇ ಗೆರೆಗೆ ಬರುವ ಹಾಗೆ ನಿಂತು ತೆಗೀರಿ. ಕಡಲಿಗೆ ಹೋಗುವವರು ಬಲೆ ಬಿಟ್ಟ ಜಾಗ ನೆನಪಿಡುದು ಹಾಗೇ, ದಡದ ಎರಡು ಗುರ್ತು ಕೂಡಿಸಿ.

ಪಟದ ಅಡಿಬರಹ ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿ. ಪಟಕ್ಕೆ ಭಾಷೆ ಬೇಡ ಅಂತಾರೆ, ಸುಳ್ಳು. ಅಡಿಬರಹ ಇಲ್ಲದ ಅಡ್ಕದ ಪಟ ನೋಡಿ ಆಫೀಸಿನವರು ಇಲ್ಲಿ ಏನೂ ಇಲ್ಲವಲ್ಲ ಅಂತಲೇ ಹೇಳುದು.

ತಾಳವಾಡಿಹುಡ್ಗ | ಜುಲೈ 7, ಬೆಳಿಗ್ಗೆ 10:10

ಡ್ರೋನ್ ಹಾರಿಸ್ಬೇಡಿ ಅಂತ ಮೊದ್ಲೇ ಹೇಳ್ಬಿಡಿ. ಅಭಯಾರಣ್ಯ ಆಗಿದ್ರೆ ಬರೀ ಫೋಟೋಗೂ ಪರ್ಮಿಟ್ ಬೇಕು, ನಿಮ್ದು ಪಟ್ಟಾ (ಖಾಸಗಿ) ಜಾಗನೋ ಸರ್ಕಾರದ್ದೋ ಅದೂ ಕೇಳ್ಕಳಿ.

ಟೀಚರಮ್ಮ | ಜುಲೈ 7, ಸಂಜೆ 4:45

ಮಕ್ಕಳ ಹೆತ್ತವರ ಒಪ್ಪಿಗೆ ಪತ್ರ ನಾನು ಮಾಡಿ ಕೊಡ್ತೇನೆ. ಸ್ಪೀಕರಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುದು ಬೇಡ, ಕಪ್ಪೆಗೆ ಕಣ್ಣಿನ ಹತ್ತಿರ ಫ್ಲ್ಯಾಶ್ ಬೇಡ, ಯಾವುದನ್ನೂ ಹಿಡಿದು ಎಲೆಯ ಮೇಲೆ ಇಡುದು ಬೇಡ. ಇದನ್ನು ನಿಯಮ ಅಂತ ಬೋರ್ಡ್ ಹಾಕ್ಬೇಡಿ, ಮಕ್ಕಳು ಓದುದಿಲ್ಲ, ಮೊದಲ ಕಪ್ಪೆ ಸಿಕ್ಕಿದಾಗ ಅಲ್ಲೇ ಹೇಳಿ.

ಮಿಂಚುಳ್ಳಿ600 | ಜುಲೈ 9, ರಾತ್ರಿ 11:20

ನಾನು ಬರುದು ಹೌದು. ಗೆಲ್ಲು ಕುತ್ತುವ ಮಾತು ವಾಪಸ್ ತೆಗೊಂಡಿದ್ದೇನೆ, ಇನ್ನು ಬಯ್ಬೇಡಿ. ಬೇಕಾದ್ರೆ ಮಳೆಗಾಲದಲ್ಲಿ ಕ್ಯಾಮೆರಾ ನೋಡಿಕೊಳ್ಳುದು ಹೇಗೆ ಅಂತ ಒಂದು ಗಂಟೆ ನಾನು ಹೇಳ್ತೇನೆ. ನಮ್ಮ ಕರಾವಳಿಯ ತೇವಕ್ಕೆ ಲೆನ್ಸಿನ ಒಳಗೆ ಫಂಗಸ್ ಬರದ ಮನೆ ಇಲ್ಲ. ಬ್ಯಾಗಿನಲ್ಲೇ ಇಟ್ರೆ ಮುಗೀತು ಕತೆ, ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಹುರಿದು ಪುನಃ ಹಾಕುದು. ಅಕ್ಕಿ ಡಬ್ಬಿಯಲ್ಲಿ ಇಡುದು ಬೇಡ, ಧೂಳು ಹೋಗಿ ಕೂರ್ತದೆ. ನನ್ನ ಮೊದಲ ಮ್ಯಾಕ್ರೋ ಲೆನ್ಸ್ ಹಾಗೇ ಹೋದದ್ದು, 28 ಸಾವಿರ.

ಅಡ್ಕದಗಾಳಿ | ಆಗಸ್ಟ್ 5, ರಾತ್ರಿ 9:15

ಶಿಬಿರ ಮುಗೀತು. 20 ಅಂತ ಎಣಿಸಿದ್ದು 14 ಬಂದ್ರು, ಗೂಡು ಇಲ್ಲ ಅಂತ ಗೊತ್ತಾಗಿ ಕ್ಯಾಮೆರಾದವರು ಇಬ್ಬರು ಬಿಟ್ರೆ ಯಾರೂ ಬರ್ಲಿಲ್ಲ. ಮೊದಲ ದಿವಸ ಮಳೆ ಹೇಗೆ ಹೊಡೀತು ಅಂದ್ರೆ ಬೆಳಿಗ್ಗೆ ಇಡೀ ವಾಚನಾಲಯದ ಜಗಲಿಯಲ್ಲೇ, ಹಲಸಿನಕಾಯಿ ಹಪ್ಪಳ ತಿಂದದ್ದೇ ಜಾಸ್ತಿ. ಮೂರು ಗಂಟೆಗೆ ಸ್ವಲ್ಪ ಬಿಟ್ಟಿತು, ಅಡ್ಕಕ್ಕೆ ಹೋದೆವು.

ಮಿಂಚುಳ್ಳಿಯಣ್ಣ 600 ಲೆನ್ಸು ಬ್ಯಾಗಿನಲ್ಲಿ ಇಟ್ಟು ಒಬ್ಬ ಹುಡುಗನ ಫೋನು ಹಿಡಿದು ನೀರಿನಲ್ಲಿ ಕವುಚಿ ಮಲಗಿದ್ರು, ಫೋನನ್ನು ತಲೆಕೆಳಗು ಮಾಡಿದ್ರೆ ಲೆನ್ಸು ನೀರಿನ ಮಟ್ಟಕ್ಕೆ ಬರ್ತದೆ ಅಂತ ತೋರಿಸಿದ್ರು, ಆಮೇಲೆ ಎಲ್ಲ ಮಕ್ಕಳೂ ಮಲಗಿದ್ದೇ, ಮನೆಯಲ್ಲಿ ಬಟ್ಟೆ ಒಗೆದವರು ನನಗೆ ಶಾಪ ಹಾಕಿರ್ತಾರೆ. ಒಂದು ಅಂಗೈ ಅಗಲದ ಹೂವಿನ ನಡುವೆ ಇಷ್ಟು ಲೋಕ ಉಂಟು ಅಂತ ನನಗೇ ಗೊತ್ತಿರ್ಲಿಲ್ಲ. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ತೆಗೆದದ್ದು ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು. ಯಾವಾಗಲೋ ಹೋದ ಜೆಸಿಬಿಯ ಟಯರಿನ ಹೊಂಡ, ಅದರಲ್ಲಿ ನೀರು, ನೀರಿನ ತುಂಬ ಕಪ್ಪೆಮರಿ, ಟಯರಿನ ಅಚ್ಚು ಗೆರೆಗೆರೆ ಸ್ಪಷ್ಟ ಕಾಣ್ತದೆ. ಅಲ್ಲಿ ಜೆಸಿಬಿ ಯಾಕೆ ಬಂದದ್ದು ಅಂತ ಆಮೇಲೆ ಎಲ್ಲರೂ ಕೇಳಿದ್ರು, ಯಾರಿಗೂ ಗೊತ್ತಿಲ್ಲ.

ಎರಡನೇ ದಿವಸ ಬೆಳಿಗ್ಗೆ ಸರ್ವೆ ಕಲ್ಲಿನ ಹತ್ತಿರ ಸಾಲಾಗಿ ನಿಂತು ಒಬ್ಬೊಬ್ಬರೇ ಅದೇ ಜಾಗದಿಂದ ಪಟ ತೆಗೆದದ್ದು. ಎದುರು ಗೋಳಿಮರದ ಎಡದ ಕೊಂಬೆ, ಹಿಂದೆ ಮೊಬೈಲ್ ಟವರು, ಎರಡೂ ಒಂದೇ ಗೆರೆಗೆ. ಫೈಲಿನ ಹೆಸರು ಮೊದಲು ತಾರೀಕು, ಮತ್ತೆ ಜಾಗ, ಮತ್ತೆ ದಿಕ್ಕು. ಕಂಪ್ಯೂಟರಿನಲ್ಲಿ ಒಂದು ಕಾಪಿ, ಟೀಚರಲ್ಲಿ ಪೆನ್‌ಡ್ರೈವಿನಲ್ಲಿ ಒಂದು.

ಮಿಂಚುಳ್ಳಿಯನ್ನು ಮಾವನ ಜಗಲಿಯಿಂದಲೇ ನೋಡಿದೆವು, ಬೈನಾಕ್ಯುಲರಿನಲ್ಲಿ, ಪಾಳಿ ಮಾಡಿ. ಕಂಡದ್ದು ಎರಡು ಸೆಕೆಂಡು, ಒಂದು ಬೆಂಕಿಕಡ್ಡಿ ಗೀರಿದ ಹಾಗೆ ಹೋಯ್ತು. ಮಾವ ಆ ಬರೆಯ ಹತ್ತಿರದ ನಾಲ್ಕು ಸಾಲಿಗೆ ಈ ಸರ್ತಿ ಮದ್ದು ತಡವಾಗಿ ಬಿಡುದು ಅಂತ ಹೇಳಿದ್ದಾರೆ, ಕೊಳೆರೋಗ ಬಂದ್ರೆ ಅಡಿಕೆಯ ದುಡ್ಡು ವಾಚನಾಲಯ ಕೊಡ್ಬೇಕಂತೆ.

ಎರಿಭೂಮಿ | ಆಗಸ್ಟ್ 6, ಮುಂಜಾನೆ 8:00

ಟಾಯರ್ ಹೊಂಡದಾಗಿನ ಕಪ್ಪಿಮರಿ ಫೋಟೋ ಇಲ್ಲಿ ಹಾಕ್ರಿ, ನಮ್ಮ ಸಾಲಿ ಹುಡುಗ್ರಿಗೆ ತೋರಸ್ತೀನಿ.

ಹಾಳೆಟೊಪ್ಪಿ | ಆಗಸ್ಟ್ 19, ಸಂಜೆ 6:30

ತಮ್ಮಾ, ಇವತ್ತು ದನ ಹುಡುಕಿಕೊಂಡು ಅಡ್ಕದ ಆಚೆ ಹೋಗಿದ್ದೆ. ಸರ್ವೆ ಕಲ್ಲು ಕಾಣುದಿಲ್ಲ. ಕಿತ್ತ ಹೊಂಡ ಮಾತ್ರ ಉಂಟು, ಪಕ್ಕದಲ್ಲಿ ಎರಡು ಕಡೆ ಹೊಸ ಗೂಟ ಹೊಡೆದು ಕೆಂಪು ರಿಬ್ಬನ್ ಕಟ್ಟಿದ್ದಾರೆ. ಯಾರು, ಎಂತದಕ್ಕೆ ಅಂತ ವಿಚಾರಿಸ್ತಾ ಇದ್ದೇನೆ.

ಅಡ್ಕದಗಾಳಿ | ಆಗಸ್ಟ್ 19, ಸಂಜೆ 6:50

ಪಟ ಉಂಟು ಅಣ್ಣ. 14 ಫೋನಿನಲ್ಲಿ ಉಂಟು, ತಾರೀಕು ಸಮೇತ. ಗೋಳಿಕೊಂಬೆಯೂ ಟವರೂ ಕೂಡುವ ಗೆರೆ ಹಿಡಿದು ಹಿಂದೆ ಬಂದ್ರೆ ಕಲ್ಲಿದ್ದ ಜಾಗ ಸಿಗ್ತದೆ. ಆದಿತ್ಯವಾರ ಗೂಟದ್ದೂ ಸೇರಿಸಿ ತೆಗಿವ.

ಟೀಚರಮ್ಮ | ಆಗಸ್ಟ್ 19, ಸಂಜೆ 7:10

ನಾನೂ ಬರ್ತೇನೆ. ಕಪ್ಪೆಮರಿಯ ಹುಡುಗಿಯೂ ಬರ್ತಾಳಂತೆ, ಅವಳ ಅಪ್ಪನ ಜೀಪು ಉಂಟು. ಎಷ್ಟು ಗಂಟೆಗೆ?